ಸೆರಗಿನಲ್ಲಿ ಒರೆಸಿದ ಟ್ಯಾಬು

ಭದ್ರಾವತಿಯಲ್ಲಿ ನಮ್ಮ ಪಕ್ಕದ ಮನೆಯ ಟ್ಯೂಷನ್ ಅಕ್ಕ, ವಿದೇಶದ ಕಲಿಕಾ ಆ್ಯಪೊಂದಕ್ಕೆ ಊರಿನ ಪಾರ್ಟ್ನರ್ ಆಗಿದ್ದರು. ಆ್ಯಪನ್ನು ಪರಿಚಯಿಸಲು ಆಲ್ಕೊಳ, ಮಲವಗೊಪ್ಪ ಎಂದು ಮನೆಮನೆ ಸುತ್ತುತ್ತಿದ್ದರು. ಒಳಗೆ ಕೂತೊಡನೆ ಟ್ಯಾಬನ್ನು ಸೆರಗಿನಲ್ಲಿ ಒರೆಸಿ, ಮಗುವಿಗಲ್ಲ, ತಾಯಿಯ ಕೈಗೆ ಕೊಡುತ್ತಿದ್ದರು. "ಮೊದ್ಲು ನೀವು ಕಲೀರಿ, ಮಗು ತಾನಾಗೇ ಬರುತ್ತೆ." ಮಗು ಬರುತ್ತಲೂ ಇತ್ತು. ಕಂಪನಿಯವರು ಅದನ್ನೆಲ್ಲ ವಿಡಿಯೊ ಮಾಡಿಕೊಂಡು ಹೋದರು.

ಮುಂದೊಂದು ದಿನ ಎಲ್ಲ ದೇಶಗಳ ಪಾರ್ಟ್ನರುಗಳಿಗೆ ಆನ್‌ಲೈನ್ ಸಭೆ. ಇಂಗ್ಲಿಷ್ ಬಿಡಿಸಿ ಹೇಳಲು ಅಕ್ಕ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಕೀನ್ಯಾದ ಹೆಂಗಸೊಬ್ಬಳು ಆ್ಯಪನ್ನು ಪರಿಚಯಿಸುವ ಬಗೆ ತೋರಿಸಿದಳು. ಕೊರಳ ಬಟ್ಟೆಯ ಅಂಚಿನಿಂದ ಟ್ಯಾಬು ಒರೆಸಿ ಮುಂದೆ ಚಾಚಿದಳು. ಇಂಡೋನೇಷ್ಯಾದವನು ಅಂಗಿಯ ತುದಿಯಲ್ಲಿ ಒರೆಸಿದ. ನಾನು ದಂಗಾದೆ. ಅಕ್ಕನ ವಿಡಿಯೊ ತೋರಿಸಿ ಕೊಡುವ ತರಬೇತಿಯಲ್ಲಿ ಅದೇ ಮೊದಲ ಪಾಠವಂತೆ, ಮನೆಯವರಿಗೆ ತೋರುವ ಗೌರವವಂತೆ!

ಅದನ್ನು ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ. ನನ್ನ ಮೊಣಕೈ ಹಿಡಿದು ಪಿಸುಗುಟ್ಟಿದರು: "ಅಯ್ಯೋ ಮಾರಾಯ್ತಿ, ಅದು ಗೌರವ ಅಲ್ಲ! ಎಲ್ಲಿ ಎದ್ದು ಹೋಗಿ ಅಂತಾರೋ ಅಂತ ಹೆದರಿಕೆ ಕಣೇ. ಕೈ ಬೆವತು ಟ್ಯಾಬೆಲ್ಲ ಒದ್ದೆ ಆಗ್ತಿತ್ತು!"

ಅಷ್ಟರಲ್ಲಿ ಪರದೆಯಿಂದ ಅವರನ್ನೇ ಕರೆದರು, ಈಗ ನೀವು ತೋರಿಸಿ ಎಂದು. ಅಕ್ಕ ಟ್ಯಾಬು ಎತ್ತಿಕೊಂಡು ಸೆರಗು ಎಳೆದುಕೊಂಡರು. ಅಷ್ಟು ಜನರಲ್ಲಿ ಅವರೊಬ್ಬರೇ ನಿಜವಾದ ಬೆವರು ಒರೆಸಿದವರು.