ಅಜ್ಜಿ ಗ್ಲೂಕೋಸ್ ಹಾಕಿಸಿದ ಗಾಡಿ

ಯಲಹಂಕದವರು ಮೆಜೆಸ್ಟಿಕ್ಕಿಗೆ ಹೊರಟರೂ ‘ಬೆಂಗಳೂರಿಗೆ ಹೋಗಿ ಬರ್ತೀವಿ’ ಎಂದು ಹೇಳಿ ಹೊರಡುತ್ತಿದ್ದ ಕಾಲ ಅದು. ಊರಾಚೆ ಕಣ್ಣು ಹಾಯಿಸಿದಲ್ಲೆಲ್ಲ ದ್ರಾಕ್ಷಿ ಚಪ್ಪರ, ಅದರಲ್ಲೊಂದು ನಮ್ಮದು. ಬೇಸಿಗೆ ಕಾಲಿಡುತ್ತಿದ್ದಂತೆ ಕಪ್ಪು ದ್ರಾಕ್ಷಿಯ ಹುಳಿಸಿಹಿ ವಾಸನೆ ಒಗೆದ ಬಟ್ಟೆಗೂ ನನ್ನ ಸ್ಕೂಲ್ ಬ್ಯಾಗಿಗೂ ಹತ್ತಿಕೊಳ್ಳುತ್ತಿತ್ತು. ಎಂಬತ್ತರ ದಶಕದ ಕೊನೆಯ ಅಂಥದ್ದೊಂದು ಬೇಸಿಗೆಗೆ ಮುಂಚೆ ನಮ್ಮ ಅಮ್ಮ ಕೆಟ್ಟು ನಿಂತ ಪಿಕಪ್ ಗಾಡಿಯೊಂದನ್ನು ಕೊಂಡುಬಿಟ್ಟಳು.

ಅದಕ್ಕೆ ಕಾರಣ ಮುನಿರಾಜಣ್ಣ. ನಮ್ಮ ಬೀದಿಯಲ್ಲಿ ಟೆಂಪೋ ಇದ್ದದ್ದು ಅವನೊಬ್ಬನಿಗೇ. ಬೆಳಗಿನ ಜಾವ ಬರುತ್ತೇನೆ ಅಂದವನು ಬಿಸಿಲೇರಿದ ಮೇಲೆ ಹಲ್ಲುಜ್ಜಿಕೊಂಡು ಬರುತ್ತಿದ್ದ. ಮಾರ್ಕೆಟ್ ಮುಟ್ಟುವಷ್ಟರಲ್ಲಿ ಮಂಕರಿಗಳ ತಳದಿಂದ ರಸ ಸುರಿಯುತ್ತಿತ್ತು. ಹಿಂದಿನ ವರ್ಷ ಅಮ್ಮ ತಡೆಯಲಾರದೆ ನಡುಬೀದಿಯಲ್ಲೇ ಅವನನ್ನು ತರಾಟೆಗೆ ತೆಗೆದುಕೊಂಡಿದ್ದಳು.

“ನಾನು ಕಳಿಸ್ತಿರೋದು ದ್ರಾಕ್ಷಿ ಕಣಪ್ಪ, ಶರಬತ್ತಲ್ಲ!”

“ಅಂಗಾರೆ ನಿಮ್ ಗಾಡೀಲೇ ತಗಂಡೋಗಿ ಅಕ್ಕಾ. ನೀವಾಗಿ ನಮ್ಮನೆ ಬಾಗ್ಲಿಗೆ ಬಂದು ಕರೆಯೋಗಂಟ ನಾನ್ ಬರಾಕಿಲ್ಲ” ಎಂದ ಅವನು.

ಅಮ್ಮ ಊಟ ಬಿಟ್ಟಾಳು, ಆ ಬಾಗಿಲಿಗೆ ಹೋಗುವವಳಲ್ಲ. ಆದರೆ ಹಣ್ಣು ಯಾರ ಹಟಕ್ಕೂ ಕಾಯುವುದಿಲ್ಲವಲ್ಲ. ಅಷ್ಟರಲ್ಲಿ, ಫ್ಯಾಕ್ಟರಿಯೊಂದರ ಬಸ್ ಡ್ರೈವರಾಗಿದ್ದ ಅಪ್ಪ ಒಂದು ಹರಾಜಿನ ಸುದ್ದಿ ತಂದರು. ಯಾವುದೋ ವಿದೇಶಿ ಕಂಪನಿಯವರು ಕೆಲಸ ಮುಗಿಸಿ ಹೋಗುವಾಗ ಸಾಮಾನು ಮಾರುತ್ತಿದ್ದಾರಂತೆ. ಸುಮ್ಮನೆ ನೋಡಿಬರಲು ಹೋದವರು ಅಪ್ಪ. ಅಲ್ಲಿ ಕೈ ಎತ್ತಿದವಳು ಅಮ್ಮ. ಹಾಲಿನ ಬಣ್ಣದ ಜಪಾನಿ ಪಿಕಪ್ಪನ್ನು ಹಗ್ಗ ಕಟ್ಟಿ ಎಳೆದು ತಂದಾಗ ಇಡೀ ಬೀದಿಯೇ ನಮ್ಮ ಹಿತ್ತಿಲಲ್ಲಿತ್ತು.

ರಿಪೇರಿಗೆ ಬಂದವರು ಬಾಷಾ ಮಾಮ. ಹೆಬ್ಬಾಳದಲ್ಲಿ ಅವರದೊಂದು ಗ್ಯಾರೇಜಿತ್ತು. ಬೆಲ್ಲ ಜಾಸ್ತಿ ಹಾಕಿದ ಟೀ ಮತ್ತು ಜೋರು ನಗು, ಇವೆರಡಿದ್ದರೆ ಅವರ ಕೈ ಓಡುತ್ತಿತ್ತು. ಬಾನೆಟ್ ಎತ್ತಿ ನೋಡಿದವರು ತಲೆ ಕೆರೆದುಕೊಂಡರು.

“ಅಕ್ಕಾ, ಇದ್ರಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬುರೇಟರೇ ಇಲ್ಲ! ಒಂದೊಂದು ಸಿಲಿಂಡರಿಗೂ ಒಂದೊಂದು ಪಿಚಕಾರಿ ಮಡಗವ್ರೆ. ಯಾವಾಗ ಪೆಟ್ರೋಲ್ ಚಿಮ್ಮಬೇಕು ಅಂತ ಸೀಟ್ ಕೆಳಗಿನ ಡಬ್ಬ ಹೇಳ್ತದೆ. ಆ ಡಬ್ಬ ಸತ್ತೋಗಿದೆ. ಬೇರೆ ಡಬ್ಬ ಬೇಕಂದ್ರೆ ಜಪಾನಿಗೇ ಹೋಗ್ಬೇಕು.”

“ಜಪಾನಿಗೆ ಹೋಗೋದಕ್ಕಿಂತ ಮುನಿರಾಜನ ಮನೆಯೇ ಹತ್ರ” ಎಂದರು ಅಪ್ಪ, ನಗದೆ.

ಅಮ್ಮ ಅವರನ್ನೊಮ್ಮೆ ದುರುಗುಟ್ಟಿ ನೋಡಿ, “ಡಬ್ಬ ಬೇಡ ಬಾಷಾ. ನಮ್ಮ ಕಡೆ ಅಂಬಾಸಿಡರ್ ಕಾರಿಗೆ ಇರುತ್ತಲ್ಲ, ಅಂಥದ್ದೇ ಹಾಕು” ಎಂದಳು.

ಶುರುವಾಯಿತು ನೋಡಿ ಹಬ್ಬ. ಬಾಷಾ ಮಾಮ ಪಿಚಕಾರಿಗಳನ್ನು ಕಿತ್ತು ಆ ತೂತುಗಳನ್ನು ಮುಚ್ಚಿದರು. ಹಳೇ ಅಂಬಾಸಿಡರಿನ ಕಾರ್ಬುರೇಟರ್ ತಂದರು. ಅದು ಕೂರಲು ಜಾಗವಿಲ್ಲದ್ದಕ್ಕೆ ಯಶವಂತಪುರದ ಲೇತ್ ಅಂಗಡಿಯಲ್ಲಿ ದಪ್ಪ ಅಲ್ಯುಮಿನಿಯಂ ತಟ್ಟೆಯೊಂದನ್ನು ಕೊರೆಸಿದರು. ಕಿತ್ತ ಪಿಚಕಾರಿಗಳು ಮಕ್ಕಳಾದ ನಮ್ಮ ಪಾಲಿಗೆ ಬಂದವು. ಕುಂಟೆಬಿಲ್ಲೆ ಬಿಟ್ಟು ಅವುಗಳನ್ನೇ ಹಿಡಿದು ಡಾಕ್ಟರಾಟ ಆಡಿದೆವು. ಬೀದಿಯ ನಾಯಿಗಳಿಗೆಲ್ಲ ಇಂಜೆಕ್ಷನ್ ಆಯಿತು. ಹಿತ್ತಿಲಲ್ಲಿ ಗ್ರೀಸಿನ ಜೊತೆ ಹುರುಳಿ ಬಸ್ಸಾರಿನ ವಾಸನೆ. ಮುದ್ದೆ ತಿನ್ನಲು ಕೂತವರೂ ಕೈಯಲ್ಲಿ ತುತ್ತು ಹಿಡಿದೇ ಎದ್ದು ಬಂದು ಬಾನೆಟ್ಟಿನೊಳಗೆ ಇಣುಕುತ್ತಿದ್ದರು. ನನಗಂತೂ ಸ್ಕೂಲಿನ ಬೆಲ್ ಹೊಡೆಯುವುದನ್ನೇ ಕಾಯುವಂತಾಗಿತ್ತು.

ಎಲ್ಲ ಜೋಡಿಸಿ ಸ್ವಿಚ್ ತಿರುಗಿಸಿದರೆ ಕಾರ್ಬುರೇಟರಿನಿಂದ ಪೆಟ್ರೋಲ್ ಉಕ್ಕಿ ಎಂಜಿನ್ನಿಗೆಲ್ಲ ಅಭಿಷೇಕವಾಯಿತು. ಪಿಚಕಾರಿಗೆಂದು ಇಟ್ಟಿದ್ದ ಪಂಪು. ಅದರ ರಭಸವನ್ನು ಪಾಪದ ಕಾರ್ಬುರೇಟರ್ ತಡೆಯಲಾರದು. ಬಾಷಾ ಮಾಮ ಮೊದಲ ಸಲ ನಗದೆ ಟೀ ಕುಡಿದರು. ಚಪ್ಪರದ ತುಂಬ ಗೊಂಚಲುಗಳು ಕಪ್ಪಾಗಿದ್ದವು. ಅಮ್ಮ ಒಂದು ಹಣ್ಣು ಬಾಯಿಗೆ ಹಾಕಿಕೊಂಡು, “ಇನ್ನು ಕಾಯೋಕಾಗಲ್ಲ” ಎಂದಳು. ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿಯೇ ಇರಲಿಲ್ಲ.

ಆಗ ಬಾಯಿ ಹಾಕಿದವಳು ಜಗಲಿಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಅಜ್ಜಿ, ಅಪ್ಪನ ತಾಯಿ. ಮಳೆಗಾಲದಲ್ಲಿ ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದಿದ್ದಳು.

“ಲೋ ಬಾಷಾ, ನನಗೆ ಆಸ್ಪತ್ರೇಲಿ ಗ್ಲೂಕೋಸು ಆಕಿದ್ರಲ್ಲ, ಅದಕ್ಕೆ ಪಂಪಿತ್ತಾ? ಬಾಟ್ಲಿ ಎತ್ತರಕ್ಕೆ ನೇತಾಕಿದ್ರು, ತಾನಾಗೇ ಇಳೀತಿತ್ತು. ಇದಕ್ಕೂ ಅಂಗೇ ಮಾಡ್ರೋ!”

ಬಾಷಾ ಮಾಮ ಒಂದು ಗಳಿಗೆ ಅಜ್ಜಿಯನ್ನೇ ನೋಡಿದರು. ಆಮೇಲೆ ಅವರು ನಕ್ಕ ನಗು ಬಸ್‌ಸ್ಟ್ಯಾಂಡಿಗೂ ಕೇಳಿಸಿರಬೇಕು. ಪಂಪಿನ ವೈರ್ ಕಿತ್ತು, ಕ್ಯಾಬಿನ್ ನೆತ್ತಿಯ ಮೇಲೊಂದು ತಗಡಿನ ಕ್ಯಾನ್ ಬಿಗಿದು, ಅದರಿಂದ ತಾಮ್ರದ ಕೊಳವೆ ಇಳಿಸಿದರು. ಗಾಡಿ ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ಹಿತ್ತಿಲಲ್ಲೇ ಗುಡುಗುಡು ಎಂದಿತು. ನಾವೆಲ್ಲ ಕುಣಿದೆವು.

ಮರುದಿನ ಕತ್ತಲಿರುವಾಗಲೇ ಮಂಕರಿಗಳನ್ನು ಹೇರಿದೆವು. ಅಪ್ಪ ಸ್ಟೇರಿಂಗ್ ಹಿಡಿದರು, ಪಕ್ಕದಲ್ಲಿ ಅಮ್ಮ, ಅಜ್ಜಿ. ಹಿಂದೆ ದ್ರಾಕ್ಷಿಯ ನಡುವೆ ನಾನು ಮತ್ತು ಬಾಷಾ ಮಾಮ. ತಣ್ಣನೆಯ ಗಾಳಿಗೆ ಮುಖವೊಡ್ಡಿ, ಗೊಂಚಲಿನಿಂದ ಉದುರಿದ್ದನ್ನು ಬಾಯಿಗೆಸೆದುಕೊಳ್ಳುತ್ತ ಹೋದ ಆ ಸುಖವನ್ನು ನಾನು ಯಾವ ವಿಮಾನದಲ್ಲೂ ಕಂಡಿಲ್ಲ.

ಹೆಬ್ಬಾಳ ಕೆರೆಯ ಪಕ್ಕ ಗಾಡಿ ನಿಂತುಹೋಯಿತು.

ಬಾಷಾ ಮಾಮ ಪ್ಲಗ್ ಬಿಚ್ಚಿ ನೋಡಿದರು, ಕೊಳವೆ ಊದಿದರು. ತಟ್ಟಿ ನೋಡಿದರೆ ಕ್ಯಾನಿನಲ್ಲಿ ಬೇಕಾದಷ್ಟು ಪೆಟ್ರೋಲಿದೆ, ಕೆಳಗೆ ಮಾತ್ರ ಒಂದು ಹನಿಯೂ ಇಳಿಯುತ್ತಿಲ್ಲ. ಅಪ್ಪ ಸ್ಟಾರ್ಟ್ ಮಾಡಿ ಮಾಡಿ ಬ್ಯಾಟರಿಯೂ ಸುಸ್ತಾಯಿತು. ಕೆರೆಯ ಮೇಲೆ ಸೂರ್ಯ ಹುಟ್ಟಿದ. ಅದೇ ಹೊತ್ತಿಗೆ ಹಿಂದಿನಿಂದ ಬಂದು ನಿಂತದ್ದು, ಅಪರೂಪಕ್ಕೆ ಬೇಗ ಹೊರಟಿದ್ದ ಮುನಿರಾಜಣ್ಣನ ಟೆಂಪೋ.

“ಏನಕ್ಕಾ, ನಿಂತೋಯ್ತಾ?” ಎಂದು ಕೇಳಿ ಬೀಡಿ ಹಚ್ಚಿಕೊಂಡ.

ಅಮ್ಮ ಅವನತ್ತ ನೋಡಲಿಲ್ಲ. ಮಂಕರಿಯ ಮೇಲಿನ ಎಲೆ ಸರಿಸಿ ಹಣ್ಣು ಮುಟ್ಟಿ ನೋಡಿದಳು. ಬಿಸಿಲು ಆಗಲೇ ಅದರ ಮೇಲೆ ಬಿದ್ದಿತ್ತು. “ಏನ್ರೀ, ಕೇಳ್ಬಿಡ್ಲಾ?” ಎಂದು ಅಪ್ಪನಿಗೆ ಮಾತ್ರ ಕೇಳಿಸುವಂತೆ ಅಂದಳು. ನನಗೂ ಕೇಳಿಸಿತು. ಅಳುವೇ ಬಂದುಬಿಟ್ಟಿತು.

“ತಡಿಯೇ!” ಎಂದು ಅಜ್ಜಿ ಕೂಗಿದಳು. “ಆ ಗ್ಲೂಕೋಸು ಬಾಟ್ಲಿಗೆ ನರ್ಸಮ್ಮ ಇನ್ನೊಂದು ಸೂಜಿ ಚುಚ್ಚಿದ್ಲು. ಇದ್ಯಾಕವ್ವಾ ಅಂದ್ರೆ, ಗಾಳಿಗೆ ಅಜ್ಜಿ, ಗಾಳಿ ಒಳೀಕ್ ಓಗ್ದಿದ್ರೆ ನೀರು ಇಳಿಯಲ್ಲ ಅಂದಿದ್ಲು. ಅಯ್ಯೋ, ನಾನು ಬೆಳಿಗ್ಗೆ ಕ್ಯಾನಿನ ಬಾಯಿ ಕಟ್‌ಬುಟ್ಟೆ ಕಣೋ ಬಾಷಾ!”

ಹೌದು, ಕಟ್ಟಿದ್ದಳು. ರಸ್ತೆಯ ಕುಲುಕಾಟಕ್ಕೆ ಪೆಟ್ರೋಲ್ ಚೆಲ್ಲದಿರಲೆಂದು, ಮಾವಿನಕಾಯಿ ಉಪ್ಪಿನಕಾಯಿಯ ಭರಣಿಗೆ ಕಟ್ಟುವಂತೆಯೇ, ಮುಚ್ಚಳದ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಬಿಳಿ ಬಟ್ಟೆ, ಸುತ್ತಲೂ ಬಿಗಿಯಾಗಿ ದಾರ. ಬಾಷಾ ಮಾಮ ಮೇಲೆ ಹತ್ತಿ ದಾರ ಕತ್ತರಿಸಿ ಮುಚ್ಚಳ ಸಡಿಲಿಸಿದರು. ಕ್ಯಾನ್ ‘ಉಸ್’ ಎಂದಿತು. ಪೆಟ್ರೋಲ್ ಇಳಿಯಿತು.

ಆದರೆ ಬ್ಯಾಟರಿಯಲ್ಲಿ ಜೀವವಿಲ್ಲ, ತಳ್ಳಬೇಕು. ಬಾಷಾ ಮಾಮ ಇಳಿದರು, ಅಮ್ಮ ಸೆರಗು ಸಿಕ್ಕಿಸಿದಳು, ನಾನೂ ಧುಮುಕಿದೆ. ಅಲ್ಲಾಡಲಿಲ್ಲ. ಆಗ ಮುನಿರಾಜಣ್ಣ ಬೀಡಿ ಎಸೆದು, ಪಂಚೆ ಎತ್ತಿ ಕಟ್ಟಿ, ಯಾರೂ ಕರೆಯದೆಯೇ ಬಂದು ಅಮ್ಮನ ಪಕ್ಕದಲ್ಲಿ ಭುಜ ಕೊಟ್ಟ. ಕೆರೆಗೆ ಹೊರಟಿದ್ದ ಮಡಿವಾಳರು ಗಂಟು ಇಳಿಸಿ ಬಂದರು. ಸೈಕಲ್ಲಿನ ಹಾಲಿನವನೂ ಬಂದ. “ಐಸಾ!” ಎಂದು ಎಲ್ಲರೂ ಕೂಗಿದೆವು. ಗಾಡಿ ಢಂ ಎಂದು ಸ್ಟಾರ್ಟ್ ಆಯಿತು.

“ಮಾರ್ಕೆಟ್‌ನಲ್ಲಿ ಕಾಯ್ತಿರ್ತೀನಪ್ಪ ಮುನಿರಾಜಣ್ಣ, ಒಟ್ಟಿಗೆ ಟೀ ಕುಡಿಯೋಣ ಬಾ!” ಎಂದು ಅಮ್ಮ ಓಡುತ್ತಲೇ ಕೂಗಿ ಗಾಡಿ ಹತ್ತಿದಳು. ಅವಳ ಕಣ್ಣು ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು.

ಆ ಗಾಡಿ, ಆ ಚಪ್ಪರ ಈಗಿಲ್ಲ, ಅಜ್ಜಿ, ಬಾಷಾ ಮಾಮನೂ ಇಲ್ಲ. ತೋಟವಿದ್ದಲ್ಲಿ ಎದ್ದಿರುವ ಅಪಾರ್ಟ್‌ಮೆಂಟಿಗೆ ದ್ರಾಕ್ಷಿಯ ಹೆಸರನ್ನಾದರೂ ಇಟ್ಟಿದ್ದರೆ ನನಗೆ ಸಮಾಧಾನವಿರುತ್ತಿತ್ತು. ಮೊನ್ನೆ ಸಂಜೆ ಹೆಬ್ಬಾಳದ ಫ್ಲೈಓವರಿನ ಮೇಲೆ ನನ್ನ ಕಾರು ನಿಂತಿತು. ಹಿಂದಿನವರೆಲ್ಲ ಹಾರ್ನ್ ಒತ್ತಿದರು, ಕೈ ಬೀಸಿ ಬೈದರು, ಪಕ್ಕದಿಂದ ನುಸುಳಿ ಹೋದರು. ಕಾರ್ ಕಂಪನಿಯವರಿಗೆ ಫೋನ್ ಮಾಡಿ, ಗಾಜು ಏರಿಸಿಕೊಂಡು ಒಳಗೇ ಕೂತೆ. ರಾತ್ರಿ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವಳಿಗೆ ಎಂಬತ್ತು ದಾಟಿದೆ, ಕಿವಿ ಮಂದ. ಎರಡೆರಡು ಸಲ ಹೇಳಬೇಕಾಯಿತು.

“ಹೆಬ್ಬಾಳ ಕೆರೆ ಹತ್ರಾನಾ? ಅಯ್ಯೋ ಪಾಪ, ಅಲ್ಲಿ ಯಾರೂ ಇರ್ಲಿಲ್ವೇನೇ?” ಎಂದಳು.

“ತುಂಬಾ ಜನ ಇದ್ರು ಅಮ್ಮ” ಎಂದೆ.