ಬಂದೂಕಿನ ಮೇಲಿನ ನಾಲ್ಕು ಹಲ್ಲು

ಮಂಕಾದ ವಸ್ತು ನಮ್ಮ ಚಿಕ್ಕಪ್ಪನ ಕಣ್ಣಿಗೆ ಬಿದ್ದರೆ ಅದರ ಕಥೆ ಮುಗಿದಂತೆಯೇ. ಹಳೆಯ ಬಂದೂಕುಗಳಿಗೆ ಹೊಳಪು ಕೊಡುವುದು ಅವರ ಕಸುಬು. ಮರದಲ್ಲಿ ತಗ್ಗು ಕಂಡರೆ ಒದ್ದೆ ಬಟ್ಟೆ ಹಾಸಿ, ಮೇಲೆ ಚಿಕ್ಕಮ್ಮನ ಇಸ್ತ್ರಿ ಪೆಟ್ಟಿಗೆ ಒತ್ತುತ್ತಾರೆ. ಹಬೆಗೆ ಮರ ಉಬ್ಬಿ ತಗ್ಗು ಮಾಯ. ಊರಿನ ಬಂದೂಕುಗಳೆಲ್ಲ ನುಣುಪು, ಚಿಕ್ಕಮ್ಮನ ಸೀರೆಗಳೆಲ್ಲ ಸುಕ್ಕು.

ಒಮ್ಮೆ, ಶಾಲೆಯಲ್ಲಿ ಅವರಿಗೆ ಪಾಠ ಹೇಳಿದ್ದ ಮೇಡಂ ತಮ್ಮ ತಂದೆಯ ಬಂದೂಕು ಕಳಿಸಿದರು. ಅದು ಗುಂಡು ಹಾರಿಸಿ ಎಷ್ಟೋ ವರ್ಷವಾಗಿತ್ತು. ಚಿಕ್ಕಪ್ಪ ನಳಿಗೆಯ ತುಕ್ಕು ತೆಗೆದು, ಮರದ ಹಿಡಿಗೆ ಹತ್ತು ದಿನ ಅಂಗೈಯಿಂದಲೇ ಅಗಸೆ ಎಣ್ಣೆ ತಿಕ್ಕಿದರು. ಹನ್ನೊಂದನೆಯ ದಿನ ಮೇಡಂ ಫೋನ್ ಮಾಡಿದರು.

"ಹಿಡಿ ತುದೀಲಿ ನಾಲ್ಕು ಚುಕ್ಕಿ ಇದೆಯಲ್ಲ, ಅದು ಜೋಪಾನ ಕಣಪ್ಪಾ. ನಂಗೆ ಮೂರು ವರ್ಷ. ಅಪ್ಪ ಬೇಟೆಗೆ ಹೊರಟಾಗ ಹೋಗ್ಬೇಡ ಅಂತ ಆ ಹಿಡೀನ ಕಚ್ಚಿದ್ದೆ. ಅವತ್ತು ಅವರು ಮನೇಲೇ ಉಳ್ಕೊಂಡ್ರು. ಅದಕ್ಕೇ ಆ ಬಂದೂಕು ಇಟ್ಕೊಂಡಿರೋದು."

ಚಿಕ್ಕಪ್ಪ ಫೋನ್ ಇಟ್ಟು ಹಿಡಿಯ ತುದಿ ತಿರುಗಿಸಿ ನೋಡಿದರು. ಆ ಚುಕ್ಕಿಗಳಿಗೆ ಮೊದಲ ದಿನವೇ ಇಸ್ತ್ರಿ ಬಿದ್ದಿತ್ತು.

"ನೀವೇ ಕಚ್ಚಿಬಿಡಿ, ಯಾರಿಗ್ ಗೊತ್ತಾಗುತ್ತೆ?" ಎಂದರು ಚಿಕ್ಕಮ್ಮ.

"ಮೇಡಂಗೆ ಸುಳ್ಳು ಹೇಳೋಕಾಗುತ್ತೇನೇ?"

ಮರುದಿನ ಮೇಡಂ ತಾವೇ ಬಂದರು. ಅರವತ್ತು ದಾಟಿದ ಚಿಕ್ಕಪ್ಪ ಮನೆಪಾಠ ಬರೆಯದ ಹುಡುಗನಂತೆ ಕೈಕಟ್ಟಿ ನಿಂತರು. "ತಪ್ಪಾಯ್ತು ಮೇಡಂ. ಅಳಿಸಿಬಿಟ್ಟೆ."

ಮೇಡಂ ಹಿಡಿಯ ತುದಿಯನ್ನು ಬೆರಳಿನಿಂದ ತಡವಿದರು. "ಹಲ್ಲೇ ಉದುರಿಹೋದ್ವು, ಗುರುತು ಹೋಗಿದ್ದೇನು ಮಹಾ ಬಿಡು," ಎಂದು ನಕ್ಕರು. ಆದರೆ ಕಣ್ಣು ತುಂಬಿತ್ತು. ನನಗಂತೂ ಚಿಕ್ಕಪ್ಪನ ಮೇಲೆ ಕೆಟ್ಟ ಕೋಪ ಬಂತು.

ಚಿಕ್ಕಪ್ಪ ದಡಬಡ ಒಳಗೋಡಿ ಇಸ್ತ್ರಿ ಪೆಟ್ಟಿಗೆ, ಒದ್ದೆ ಬಟ್ಟೆ ತಂದರು. ಅದೇ ಜಾಗಕ್ಕೆ ಮತ್ತೆ ಹಬೆ ಕೊಟ್ಟರು. ಹತ್ತು ದಿನದ ಹೊಳಪು ಅಲ್ಲಿ ಬಿಳಿಚಿಕೊಂಡಿತು; ಅವರು ಲೆಕ್ಕಿಸಲಿಲ್ಲ.

"ಮರ ಮೆತ್ತಗಾಗಿದೆ. ಬೇಗ ಕಚ್ಚಿ ಮೇಡಂ."

"ಕಟ್ಟಿಸಿದ ಹಲ್ಲು ಕಣೋ. ಮುರಿದ್ರೆ?"

"ಅದಕ್ಕೂ ನಾನೇ ಹೊಳಪು ಕೊಡ್ತೀನಿ."

ಮೇಡಂ ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಹಿಡಿಯನ್ನು ಅಪ್ಪಿಕೊಂಡು ಕಚ್ಚಿದರು. ನಾವು ಮೂವರೂ ಹತ್ತಿರ ಬಾಗಿದೆವು. ಬಾಯಿ ತೆಗೆದಾಗ ನಾಲ್ಕಲ್ಲ, ಸಾಲಾಗಿ ಆರು ಚುಕ್ಕಿ!

ಮೇಡಂ ಅವನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಮುಖ ಅರಳಿತು.

"ಇಷ್ಟು ಗಟ್ಟಿಯಾಗಿ ಕಚ್ಚಿದ್ರೆ ಅಪ್ಪ ಒಂದು ವಾರ ಮನೇಲೇ ಇರ್ತಿದ್ರು," ಎಂದರು.