ಮೆಟಲ್ ಕೇಳುತ್ತಿದ್ದ ಅತ್ತೆ

ನಮ್ಮ ಸೋದರತ್ತೆಯ ಬಲಗೈ ಎಡಗೈಗಿಂತ ದಪ್ಪವಿತ್ತು. ಶ್ರೀರಾಂಪುರದ ಪಶು ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದಷ್ಟು ಕಾಲವೂ ಹಸುಗಳ ಹೊಟ್ಟೆಯೊಳಗೆ ತೋಳುದ್ದ ಇಳಿಸಿ, ಅಡ್ಡ ಸಿಕ್ಕ ಕರುಗಳನ್ನು ಎಳೆದ ಕೈ ಅದು. ನಿವೃತ್ತಿಯಾದ ಮೇಲೆ ಹೊಸದುರ್ಗದ ಮನೆಯಲ್ಲಿ ಅದೇ ಕೈ ರಿಮೋಟ್ ಹಿಡಿದು ಹೆವಿ ಮೆಟಲ್ ಆಲ್ಬಮ್ಮುಗಳ ಕತ್ತು ಹಿಸುಕುತ್ತಿತ್ತು. ಹಾಡು ಶುರುವಾಗಿ ಗಿಟಾರು ಮೈಮುರಿಯುವಷ್ಟರಲ್ಲಿ "ಥೂ" ಎಂದು ನಿಲ್ಲಿಸಿಬಿಡುತ್ತಿದ್ದರು.

ಕಾಲೇಜು ಹಾಸ್ಟೆಲಿನಲ್ಲಿ ಯಾರೋ ಕೊಟ್ಟ ಕ್ಯಾಸೆಟ್ಟಿನಿಂದ ಹತ್ತಿದ ಹುಚ್ಚು. ಭಜನೆ ಕೇಳುವ ವಯಸ್ಸಿನಲ್ಲಿ ಇದೇನು ರಾಕ್ಷಸರ ಕಿರುಚಾಟ ಎಂದು ಮಾಡದಕೆರೆಯ ನಮ್ಮ ಬಂಧುಗಳು ಆಡಿಕೊಳ್ಳುತ್ತಿದ್ದರು. ಅಂಥವರಿಗೆ ಅತ್ತೆ ಕಾಫಿ ಕೊಟ್ಟು ಕಳಿಸುತ್ತಿದ್ದರು, ಅಷ್ಟೆ. ಅವರ ತಿರಸ್ಕಾರವೆಲ್ಲ ಮೆಟಲ್ ಮಾಡುವವರಿಗೇ ಮೀಸಲಾಗಿತ್ತು, ಅದರಲ್ಲೂ ಸರೌಂಡ್ ಮಿಕ್ಸ್ ಮಾಡುವವರಿಗೆ.

ಹಾಲಿನಲ್ಲಿ ಮುಂದೆ ಮೂರು ಸ್ಪೀಕರು, ಹಿಂದೆ ಎರಡು, ಮೂಲೆಯಲ್ಲಿ ಗುಡುಗಿಗೆಂದೇ ಒಂದು ದೊಡ್ಡ ಪೆಟ್ಟಿಗೆ, ನಡುವೆ ಬೆತ್ತದ ಕುರ್ಚಿ. ಯಾವ ವಾದ್ಯ ಯಾವ ದಿಕ್ಕಿನಿಂದ ಎಷ್ಟು ಕೇಳಬೇಕೆಂದು ಹಂಚುವುದೇ ಸರೌಂಡ್ ಮಿಕ್ಸು. ಹಾಗೆ ಹಂಚಲು ಬಾರದವರನ್ನು ಅತ್ತೆ ದನದ ಕಾಯಿಲೆಗಳ ಹೆಸರಿನಲ್ಲಿ ವಿಂಗಡಿಸಿದ್ದರು. ಗುಡುಗು ಹೆಚ್ಚಾದರೆ, "ಇದಕ್ಕೆ ಹೊಟ್ಟೆ ಉಬ್ಬರ. ಚುಚ್ಚಿ ಗಾಳಿ ತೆಗೀಬೇಕು." ಗಿಟಾರನ್ನು ಸುಮ್ಮಸುಮ್ಮನೆ ಕೋಣೆಯ ಸುತ್ತ ತಿರುಗಿಸಿದರೆ ಅದು ನೊಣದ ಮಿಕ್ಸು. ಹಿಂದಿನ ಸ್ಪೀಕರುಗಳಲ್ಲಿ ಏನೂ ನಡೆಯದಿದ್ದರೆ ಮಾತ್ರ ಕಾಯಿಲೆ ಬಿಟ್ಟು ಕಚೇರಿಗೆ ಬರುತ್ತಿದ್ದರು: "ಹಿಂದೆ ಇಬ್ರು ಸುಮ್ನೆ ಕುಂತು ಸಂಬಳ ತಿಂತಾ ಅವ್ರೆ." ಇಂಥ ಮಿಕ್ಸುಗಳನ್ನು ಚರ್ಚಿಸುವ ಇಂಟರ್‌ನೆಟ್ ಗುಂಪೊಂದರಲ್ಲಿ ಅವರ ತೀರ್ಪಿಗೆ ದೂರದೇಶದವರೂ ಹೆದರುತ್ತಿದ್ದರು.

ನಾನು ಚಿತ್ರದುರ್ಗದಲ್ಲಿ ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದೆ. ಹೊಳಲ್ಕೆರೆಯ ಹುಡುಗನೊಬ್ಬ ಹಾಡುವ ಮೆಟಲ್ ಬ್ಯಾಂಡಿನ ಮೊದಲ ಆಲ್ಬಮ್ಮನ್ನು ಸರೌಂಡಿನಲ್ಲಿ ಮಿಕ್ಸ್ ಮಾಡಿದೆ. ಬ್ಯಾಂಡಿನವರು ಕುಣಿದಾಡಿದರು. ಕೇಳಿದವರೆಲ್ಲ "ಇಂಟರ್‌ನ್ಯಾಷನಲ್ ಲೆವೆಲ್" ಎಂದರು. ಆ ಜಂಬದಲ್ಲೇ ಹೊಸದುರ್ಗದ ಬಸ್ಸು ಹತ್ತಿದೆ.

ಅತ್ತೆ ಅಪರೂಪಕ್ಕೆ ಪೂರ್ತಿ ಕೇಳಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರು, "ಹಾಡೋನು ಎಲ್ಲವ್ನೆ?"

"ಎಲ್ಲಾ ಕಡೆ, ಅತ್ತೆ. ಐದೂ ಸ್ಪೀಕರಿಗೆ ಹಂಚೀನಿ."

"ಎಲ್ಲಾ ಕಡೆ ಇರೋನು ದೇವರು. ಇವನು ಹೊಳಲ್ಕೆರೆ ಹುಡುಗ. ಒಂದು ಕಡೆ ನಿಲ್ಸು ಅವನ್ನ."

ಮುಖಕ್ಕೆ ಹೊಡೆದ ಹಾಗಾಯಿತು. "ಎಲ್ರೂ ಚೆನ್ನಾಗೈತೆ ಅಂದ್ರು" ಎಂದು ಗೊಣಗಿದೆ.

"ಚೆನ್ನಾಗೈತೆ ಅನ್ನೋ ಮಾತನ್ನ ಮದುವೆ ಊಟಕ್ಕೆ ಇಟ್ಕಳ್ಲಿ. ನೀನೇನು ಪಾಯಸ ಬಡಿಸ್ತಿದೀಯ?"

ಇಡೀ ಆಲ್ಬಮ್ಮನ್ನು ಬಿಚ್ಚಿ ಮೊದಲಿನಿಂದ ಮಾಡಿದೆ. ಹಾಡುವವನನ್ನು ನಟ್ಟನಡುವೆ ನಿಲ್ಲಿಸಿದಾಗ ಅವನಿಗೇ ತನ್ನ ಗಂಟಲು ಕೇಳಿ ಗಾಬರಿಯಾಯಿತು. "ಇದು ನಾನೇನಾ?" ಎಂದ. ಅದನ್ನು ಒಯ್ದು ನಾನು ಅತ್ತೆಗೆ ಕೇಳಿಸಿದೆ. ಕೊನೆಯ ಹಾಡು ಮುಗಿದ ಮೇಲೆ ಬೇಸರದಿಂದಲೇ ಹೇಳಿದರು, "ಬೈಯಾಕೆ ಏನೂ ಸಿಗ್ತಿಲ್ಲ ಕಣಲೇ." ಅಷ್ಟು ಸಾಕಾಗಿತ್ತು.

ಒಂದು ಭಾನುವಾರ ಬೆಳಿಗ್ಗೆ ಹೋದಾಗ ಹೊಸ ಆಲ್ಬಮ್ಮೊಂದನ್ನು ಹಾಕಿಕೊಂಡು ಕುದಿಯುತ್ತಿದ್ದರು. "ನೋಡು, ಎಡಗಡೆ ಪೂರಾ ಸತ್ತೈತೆ. ಗಿಟಾರು, ಡ್ರಮ್ಮು, ಎಲ್ಲಾ ಬಲಕ್ಕೆ ತುರುಕವ್ನೆ. ಇವನ ಜನ್ಮಕ್ಕಿಷ್ಟು! ಆಗಲೇ ಗುಂಪಿನಲ್ಲಿ ಬರೆದು ಉಗ್ದೀನಿ."

ನಾನು ಕೇಳಿದೆ. ಎಡಗಡೆ ಗಿಟಾರು ಸ್ಪಷ್ಟವಾಗಿ ಬರುತ್ತಿತ್ತು. "ಬರ್ತೈತಲ್ಲ ಅತ್ತೆ" ಎಂದೆ.

ನನ್ನನ್ನು ದಿಟ್ಟಿಸಿದರು. ಎದ್ದು ನಿಂತು, ಮುಂದಿನ ಸ್ಪೀಕರುಗಳಿಗೆ ಬೆನ್ನು ಹಾಕಿ ತಿರುಗಿ, ಕಣ್ಣು ಮುಚ್ಚಿ ಕೇಳಿದರು. ಹಾಡು ನಡೆದೇ ಇತ್ತು. "ಈಗ ಆ ಕಡೆ ಬದುಕ್ತು, ಈ ಕಡೆ ಸತ್ತೋಯ್ತು" ಎಂದರು. ಕಾಯಿಲೆ ಪತ್ತೆ ಹಚ್ಚಿದ ಡಾಕ್ಟರಿನ ದನಿ. "ಸ್ಪೀಕರ್ ಅಲ್ಲ. ನಾನೇ."

ಚಿತ್ರದುರ್ಗದ ಕಿವಿ ಡಾಕ್ಟರು ಪರೀಕ್ಷಿಸಿ, ಎಡಗಿವಿಯ ನರ ಹೋಗಿದೆ, ಮರಳಿ ಬರುವುದು ಕಷ್ಟ ಎಂದರು. ಮನೆಗೆ ಬಂದು ಅತ್ತೆ ಮೊದಲು ಮಾಡಿದ ಕೆಲಸ ಆ ಗುಂಪಿನಲ್ಲಿ ಬರೆದದ್ದು: ಮಿಕ್ಸು ಸರಿಯಾಗಿದೆ, ಕೆಟ್ಟಿರುವುದು ನನ್ನ ಕಿವಿ, ಮಾಡಿದವನ ಕ್ಷಮೆ ಕೇಳುತ್ತೇನೆ, ಇನ್ನು ನನ್ನ ಮಾತನ್ನು ಯಾರೂ ನಂಬಬೇಡಿ. ಸಮಾಧಾನದ ಮಾತುಗಳು ಹರಿದು ಬಂದವು. ಒಂದೇ ಕಿವಿಯಾದರೇನು, ನಿಮ್ಮ ಅನುಭವ ಸಾಕು, ತೀರ್ಪು ಕೊಡುತ್ತಲೇ ಇರಿ ಎಂದು ಎಲ್ಲರೂ ಬೇಡಿಕೊಂಡರು.

ಅವನ್ನು ಓದುತ್ತಾ ಅತ್ತೆಯ ಮುಖ ಹುಳ್ಳಗಾಯಿತು. "ಕಿವುಡಿ ತೀರ್ಪು ಬೇಕಂತೆ ಇವರಿಗೆ! ನನಗೆ ಒಂದು ಹೋಯ್ತು. ಇವರಿಗೆ ಎರಡೂ ಇದ್ದು ಏನ್ ಬಂತು?" ಎಂದು ಫೋನನ್ನು ಪಕ್ಕಕ್ಕೆ ಎಸೆದರು. ಆಮೇಲೆ ತುಸು ಹೊತ್ತು ಕಿಟಕಿಯ ಕಡೆ ತಿರುಗಿ ಕುಳಿತಿದ್ದರು. ಅವರ ಬೆನ್ನು ಅಲುಗುತ್ತಿದ್ದುದನ್ನು ನಾನು ನೋಡಿಯೂ ನೋಡದವನಂತೆ ವೈರುಗಳನ್ನು ಸುತ್ತಿದೆ. ಮೆಟಲ್ ಇನ್ನೂ ಕೇಳಬಹುದಿತ್ತು, ಆದರೆ ಅದರ ನಡುವೆ ಕೂರುವ ಸುಖ ಮುಗಿದಿತ್ತು.

ಸ್ಪೀಕರುಗಳನ್ನೆಲ್ಲ ನನ್ನ ಸ್ಟುಡಿಯೋಗೆ ಸಾಗಿಸಿದರು. "ತಗಂಡೋಗು. ಅರ್ಧ ಕೇಳಿ ಪೂರಾ ಕೇಳ್ದಂಗೆ ನಟನೆ ಮಾಡೋಳಲ್ಲ ನಾನು." ಕೊನೆಯ ಎರಡು ವರ್ಷ ಹಳೆಯ ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಿ, ಬಲಗಿವಿಯನ್ನು ಅದಕ್ಕೆ ವಾಲಿಸಿಕೊಂಡು ಕೂರುತ್ತಿದ್ದರು. ಯಾವ ತೀರ್ಪನ್ನೂ ಕೊಡಲಿಲ್ಲ. ನಾನು ಕೆದಕಿದರೂ ಕೊಡಲಿಲ್ಲ. ಹೋದ ವರ್ಷ, ಮಧ್ಯಾಹ್ನದ ಊಟ ಮುಗಿಸಿ ಮಲಗಿದವರು ಏಳಲಿಲ್ಲ.

ಅವರು ಹೋದ ಮೇಲೆ ನನ್ನ ಕೆಲಸವನ್ನು ಹೊಗಳುವವರು ಬೇಕಾದಷ್ಟು ಜನ ಸಿಕ್ಕಿದ್ದಾರೆ. ಒಬ್ಬರನ್ನೂ ನಾನು ನಂಬುವುದಿಲ್ಲ.